ಅಪ್ಪ ಹೊಡೆಯುವಾಗ ದೆವ್ವ ಮನೆಯಲ್ಲಿರಲಿಲ್ಲ

ನಮ್ಮ ದೆವ್ವದ ಸಿನಿಮಾದ ಮೊದಲ ಕಟ್, ಅಂದರೆ ಎಡಿಟ್ ಆದ ಮೊದಲ ರೂಪ ನೋಡಲು ಏಳು ಜನ ಕೂತಿದ್ದರು. ದೆವ್ವ ಬಂದ ಕೂಡಲೇ ಇಬ್ಬರು ಕಿಸಕ್ಕೆಂದು ನಕ್ಕರು. ಅದಕ್ಕೆ ಬೇಜಾರಾಗಲಿಲ್ಲ, ಮೇಕಪ್ಪಿಗೆ ದುಡ್ಡಿಲ್ಲದಿದ್ದರೆ ಇನ್ನೇನಾಗುತ್ತೆ? ಚುಚ್ಚಿದ್ದು ಗೆಳತಿಯೊಬ್ಬಳ ಮಾತು: "ಪಾಪ, ಆ ಅಪ್ಪಂದೇನು ತಪ್ಪು? ಮೈಮೇಲೆ ದೆವ್ವ ಬಂದಿತ್ತು, ಹೊಡೆದ."

ಕಥೆ ಬಹುಪಾಲು ನಾನೂ ತಂಗಿಯೂ ಬೆಳೆದ ಮನೆಯದ್ದೇ. "ಕುಡಿದಿದ್ರಲ್ಲ, ಅದಕ್ಕೇ ಹಾಗೆ" ಅನ್ನುವ ಸಮಜಾಯಿಷಿ ಕೇಳಿ ಕೇಳಿ ರೋಸಿಹೋಗಿದ್ದವನು ನಾನು. ಈಗ ಬಾಟಲಿ ಇದ್ದ ಜಾಗದಲ್ಲಿ ದೆವ್ವವನ್ನು ಕೂರಿಸಿ ಅದೇ ನೆಪವನ್ನು ನಾನೇ ಹೇಳಿಬಿಟ್ಟಿದ್ದೆ.

ಹಾಗಾಗಿ ಸ್ಕ್ರಿಪ್ಟ್ ಮತ್ತೆ ಬಿಚ್ಚಿದೆ. ಹೊಡೆತ ಬೀಳುವ ಯಾವ ದೃಶ್ಯದಲ್ಲೂ ದೆವ್ವ ಇರಕೂಡದು ಅಂತ ನಿಯಮ ಹಾಕಿಕೊಂಡೆ. ಹಾಗಾದರೆ ಅದು ಬರುವುದು ಯಾವಾಗ? ದಾರಿ ತೋರಿಸಿದ್ದು ಪರಿಚಯದ ವೈದ್ಯರೊಬ್ಬರು. ವರ್ಷಗಟ್ಟಲೆ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ, ಕೆಲವರಿಗೆ ಎರಡು ಮೂರು ದಿನದ ಹೊತ್ತಿಗೆ ಡೆಲಿರಿಯಮ್ ಟ್ರೆಮೆನ್ಸ್ ಶುರುವಾಗುತ್ತದೆ. ಕೈನಡುಕ, ಬೆವರು, ಗೊಂದಲ, ಇಲ್ಲದ್ದು ಕಾಣಿಸುವುದು. ಆಸ್ಪತ್ರೆಗೆ ಸೇರಿಸದಿದ್ದರೆ ಜೀವಕ್ಕೇ ಅಪಾಯ. ಸರಿ, ನಮ್ಮ ದೆವ್ವ ಬರುವುದು ಅಪ್ಪ ಕುಡಿತ ಬಿಟ್ಟ ಮೂರನೇ ರಾತ್ರಿ. ಅಪ್ಪನಿಗೆ ಕಂಡದ್ದು ಮಗಳಿಗೂ ಕಾಣುತ್ತದೆ. ಅಲ್ಲಿಗೆ ವೈದ್ಯಶಾಸ್ತ್ರ ಮುಗಿದು ಸಿನಿಮಾ ಶುರು.

ಮೇಕಪ್ ಕಿತ್ತುಹಾಕಿ ದೆವ್ವವನ್ನು ಪೂರ್ತಿ ಸದ್ದಿಗೆ ಇಳಿಸಿದೆವು. ಮಾತು ರೆಕಾರ್ಡ್ ಮಾಡುವಾಗ ಫ್ರಿಜ್ ಆಫ್ ಮಾಡುವುದು ಎಲ್ಲರ ರೂಢಿ. ಪ್ಯಾಕಪ್ ಆದಮೇಲೆ ಆನ್ ಮಾಡಲು ಮರೆಯಬಾರದು ಅಂತ ಗಾಡಿ ಕೀ ಅದರೊಳಗೇ ಇಡುತ್ತಾರೆ, ನಾವೂ ಇಟ್ಟೆವು. ಆಮೇಲೆ ಖಾಲಿ ಮನೆಯಲ್ಲಿ ಪ್ರತಿ ಕೋಣೆಯ ಒಂದೊಂದು ನಿಮಿಷದ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದು ಹಿಡಿಯುವಾಗ ಫ್ರಿಜ್ ಓಡುತ್ತಿತ್ತು. ಇದ್ದಕ್ಕಿದ್ದಂತೆ ಕಂಪ್ರೆಸರ್ ನಿಂತಿತು. ಅಷ್ಟು ಹೊತ್ತು ಗುಂಯ್ ಅನ್ನುತ್ತಿತ್ತು ಅಂತ ಗೊತ್ತಾಗಿದ್ದೇ ಅದು ನಿಂತಾಗ. ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗ ಬೆನ್ನು ನೆಟ್ಟಗೆ ಮಾಡಿ ಕೂತ. ನಮ್ಮ ದೆವ್ವ ಸಿಕ್ಕಿದ್ದು ಅಲ್ಲೇ: ಅದು ಬಂದಾಗ ಸದ್ದು ಹೆಚ್ಚುವುದಿಲ್ಲ, ಒಂದೊಂದೇ ಸದ್ದು ಕಳಚಿಕೊಳ್ಳುತ್ತದೆ. ಫ್ರಿಜ್, ಫ್ಯಾನ್, ಕಡೆಗೆ ಗಡಿಯಾರ.

ಕಿವಿಗೆ ಕೇಳಿಸದಷ್ಟು ಕೆಳಗಿನ 19 ಹರ್ಟ್ಸ್ ಸದ್ದು ಹಾಕು, ಜನ ಬೆವರುತ್ತಾರೆ ಅಂತ ಯಾರೋ ಹೇಳಿದ್ದರು. ಹಾಕಿಯೂ ನೋಡಿದೆ. ಲ್ಯಾಪ್‌ಟಾಪ್, ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ತಾಕತ್ತೇ ಇಲ್ಲ, ನಮ್ಮ ಸಿನಿಮಾ ನೋಡುವವರೆಲ್ಲ ಅವುಗಳಲ್ಲೇ. ತೆಗೆದುಹಾಕಿದೆ.

ಕ್ಯಾಮೆರಾ ವಿಷಯ ಹೆಚ್ಚಿಗೆ ಹೇಳುವಂಥದ್ದಿಲ್ಲ. ಮನೆಯ ಬಲ್ಬುಗಳೇ ಲೈಟಿಂಗ್. ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರ್ 1/50 ಸೆಕೆಂಡಿಗೆ ಇಟ್ಟು ಫ್ಲಿಕ್ಕರ್, ಅಂದರೆ ಬೆಳಕಿನ ಮಿನುಗು ತಪ್ಪಿಸಿದೆವು. ವಿಸ್ಕಿ ಅಂದರೆ ತೆಳು ಟೀ. ಕುಡುಕನ ಪಾತ್ರ ಮಾಡುವವರಿಗೆ ತೂರಾಡಬೇಡಿ ಅಂದೆ. ಕುಡಿದವನು ಕುಡಿದಿಲ್ಲ ಅಂತ ತೋರಿಸಿಕೊಳ್ಳಲು ಒದ್ದಾಡುತ್ತಾನೆ. ಅವರು ಲೋಟವನ್ನು ಮೇಜಿನ ಅಂಚಿಗಿಟ್ಟು, ಎರಡು ಬೆರಳಲ್ಲಿ ನಿಧಾನಕ್ಕೆ ಒಳಗೆ ತಳ್ಳಿದರು. ಒಂದೇ ಟೇಕ್.

ಮಗಳ ಪಾತ್ರದ ಹುಡುಗಿಗೆ ಒಂಬತ್ತು ವರ್ಷ. ಹೊಡೆತದ ದೃಶ್ಯ ತೆಗೆದ ದಿನ ಅವಳನ್ನು ಕರೆಸಲೇ ಇಲ್ಲ. ಅವಳ ಮುಖದ ಶಾಟ್‌ಗಳನ್ನು ಬೇರೆ ದಿನ, ಅವಳಮ್ಮನ ಎದುರಿಗೇ ತೆಗೆದೆವು. "ಪಕ್ಕದ ಕೋಣೆಯಲ್ಲಿ ಏನು ಬಿತ್ತು, ಕಿವಿಗೊಟ್ಟು ಕೇಳು" ಅಂದಿದ್ದಷ್ಟೇ. ಎರಡನ್ನೂ ಜೋಡಿಸಿದ್ದು ಎಡಿಟಿಂಗ್‌ನಲ್ಲಿ.

ಸದ್ದುಗಳನ್ನೆಲ್ಲ ಸೇರಿಸಿದ ಫೈನಲ್ ಮಿಕ್ಸ್ ಅನ್ನು ತಂಗಿಗೆ ಮಾತ್ರ ಕೇಳಿಸಿದೆ. ಅಪ್ಪ ಬಾಗಿಲು ತೆಗೆಯುವ ಕೀ ಸದ್ದಿನ ಮೇಲೆ ನನಗೆ ಭಾರಿ ಹೆಮ್ಮೆ. ಜಣಜಣ ಅಂತ ಎದೆಗೆ ಬಡಿಯುವಂತೆ ಇಟ್ಟಿದ್ದೆ. ಅವಳು ಇಲ್ಲವೆಂಬಂತೆ ತಲೆಯಾಡಿಸಿದಳು. "ಅಣ್ಣ, ಕೀ ಜೋರಾಗಿ ಆಡಿಸಿಕೊಂಡು ಬಂದ ದಿನ ಏನೂ ಆಗ್ತಿರಲಿಲ್ಲ. ನಿನಗೆ ಮರೆತೇಹೋಯ್ತಾ?"

ಅವತ್ತೇ ರಾತ್ರಿ ಆ ಟ್ರ್ಯಾಕನ್ನು 6 ಡೆಸಿಬೆಲ್ ಇಳಿಸಿದೆ. ಸಾಲದೆನಿಸಿ, ಇನ್ನೊಂದು 6.