ಸವಳು ನೀರಿನ ಊರಲ್ಲಿ ಬ್ಯಾಡ್ಜರ್ ಬ್ರಷ್ ಉಳಿಸಿಕೊಂಡ ಬಗೆ: ನನ್ನ ಅನುಭವ

ರಾಯಚೂರಲ್ಲಿ ಬ್ಯಾಡ್ಜರ್ ಬ್ರಷ್, ಅಂದರೆ ಬ್ಯಾಡ್ಜರ್ ಅನ್ನುವ ಕಾಡುಪ್ರಾಣಿಯ ಕೂದಲಿನ ಶೇವಿಂಗ್ ಬ್ರಷ್, ಎರಡು ವರ್ಷದ ಮೇಲೆ ಬಾಳುವುದಿಲ್ಲ ಅಂತ ನನಗೆ ಹೇಳದವರಿಲ್ಲ. ನನ್ನದಕ್ಕೆ ಈಗ ಹೆಚ್ಚುಕಮ್ಮಿ ಆರು ವರ್ಷ. ನೊರೆ ಹೊಸದರಲ್ಲಿ ಬರುತ್ತಿದ್ದ ಹಾಗೇ ಬರುತ್ತಿದೆ. ಏನು ಮಾಡಿದಿರಿ ಅಂತ ಸುಮಾರು ಜನ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ನಾಟ್ ಅಂತ ಬಂದರೆ ಹಿಡಿಯೊಳಗೆ ಅಂಟಿಸಿ ಕೂರಿಸಿದ ಕೂದಲಿನ ಕಟ್ಟು ಅಂತ ತಿಳಿಯಿರಿ.

ಬ್ರಷ್ ಸಿಲ್ವರ್‌ಟಿಪ್, ಅಂದರೆ ಬೆಳ್ಳನೆ ತುದಿಯ ಕೂದಲಿನದು; 24 ಮಿ.ಮೀ. ನಾಟ್, ರೆಸಿನ್ (ಗಟ್ಟಿ ಪ್ಲಾಸ್ಟಿಕ್) ಹಿಡಿ. ತರಿಸಿದಾಗ ನಾಲ್ಕು ಸಾವಿರದ ಹತ್ತಿರ ಬಿದ್ದಿತ್ತು. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ತುದಿಗಳು ಒಂದಕ್ಕೊಂದು ಅಂಟಿಕೊಂಡವು. ಬುಡದ ಹತ್ತಿರ ಕೂದಲು ಬಿಡಿಸಿ ನೋಡಿದರೆ ಬೂದು ಬಣ್ಣದ ಜಿಡ್ಡು. ಉಗುರಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಬ್ರಷ್ ನೀರೇ ಹಿಡಿಯುತ್ತಿರಲಿಲ್ಲ. ಸೋಪು ಎಷ್ಟು ತಿಕ್ಕಿದರೂ ನೊರೆ ಅರ್ಧ ಮುಖಕ್ಕೆ ಮುಗಿದುಹೋಗುತ್ತಿತ್ತು. ಅದರ ಜೊತೆ ಕೂದಲು ಬೇರೆ ಉದುರಲು ಶುರುವಾಯಿತು. ನಮ್ಮೂರ ತೀನ್ ಕಂದಿಲ್ ಕಡೆ ಸಲೂನ್ ಇಟ್ಟಿರುವ ಗೆಳೆಯನಿಗೆ ತೋರಿಸಿದೆ. "ಒಗದುಬಿಡ್ರಿ ಅಣ್ಣಾ, ಸತ್ತ ಬ್ರಷ್ ಇದು. ನೈಲಾನಿಂದು ತಗೋರಿ, ನೂರು ರೂಪಾಯಿಗೆ ಸಿಗ್ತದ" ಅಂದ.

ಮೊದಲು ಎಲ್ಲರೂ ಹೇಳುವ ಶಾಂಪೂ ದಾರಿ ಹಿಡಿದೆ. ಒಂದೆರಡು ದಿನ ಮೆತ್ತಗಾಗಿ ಮತ್ತೆ ಅದೇ ಕಥೆ. ಬ್ರಷ್‌ಗೆಂದೇ ಮಾರುವ ಶಾಂಪೂ ತರಿಸಿದೆ, ಒಂಬೈನೂರು ರೂಪಾಯಿ. ಅದು ಮನೆಯ ಶಾಂಪೂಗಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಕೆಲಸ ಮಾಡಲಿಲ್ಲ. ಕಂಡಿಷನರ್ ಹಾಕಿದ ಮೇಲಂತೂ ಕೂದಲು ರೇಷ್ಮೆಯಾಯಿತು, ನೊರೆ ಬರುವುದೇ ಪೂರ್ತಿ ನಿಂತುಹೋಯಿತು. ಅದು ಹೋಗಲು ವಾರಗಟ್ಟಲೆ ಬೇಕಾಯಿತು. ಅಡುಗೆ ಸೋಡಾದಲ್ಲಿ ನೆನೆಸಿದರೆ ತುದಿಗಳು ಒರಟಾದವು. ವಿನೆಗರ್ ಮಾತ್ರ ಅರ್ಧ ಕೆಲಸ ಮಾಡಿತು. ಆ ಉಳಿದ ಅರ್ಧ ಯಾಕೆ ಆಗುತ್ತಿಲ್ಲ ಅನ್ನುವುದೇ ತಲೆ ತಿನ್ನುತ್ತಿತ್ತು.

ಕೃಷ್ಣೆ, ತುಂಗಭದ್ರೆ ಎರಡು ಹೊಳೆ ನಡುವಿನ ಜಿಲ್ಲೆ ನಮ್ಮದು. ಆದರೂ ನಮ್ಮ ಮನೆ ಬಚ್ಚಲಿಗೆ ಬರುವುದು ಬೋರ್ ನೀರೇ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು. ಒಂದು ದಿನ ಎರಡು ಬಾಟಲಿ ತಗೊಂಡೆ. ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರು. ಎರಡಕ್ಕೂ ಶೇವಿಂಗ್ ಸೋಪಿನ ಒಂದೊಂದು ಚೂರು ಹಾಕಿ ಕುಲುಕಿದೆ. ಆರ್‌ಒ ಬಾಟಲಿ ಕುತ್ತಿಗೆವರೆಗೆ ನೊರೆ ತುಂಬಿತು. ಬೋರ್ ನೀರಿನದು ಒಡೆದ ಹಾಲಿನ ಹಾಗೆ ಚೂರು ಚೂರಾಯಿತು. ಆ ಚೂರುಗಳೇ ಬ್ರಷ್‌ನ ಬುಡದಲ್ಲಿ ಕೂತಿದ್ದ ಬೂದು ಜಿಡ್ಡು! ನೀರಿನ ಸುಣ್ಣ ಸೋಪಿನ ಜೊತೆ ಸೇರಿದರೆ ಹೀಗಾಗುತ್ತದೆ.

ವಿನೆಗರ್ ಅರ್ಧಕ್ಕೆ ಯಾಕೆ ನಿಂತಿತು ಅಂತಲೂ ಆಗ ಗೊತ್ತಾಯಿತು. ಹುಳಿ ಸುಣ್ಣವನ್ನು ಬಿಡಿಸುತ್ತದೆ. ಸೋಪಿನ ಕೊಬ್ಬು ಕೂದಲಿಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ತೆಗೆಯಲು ಮತ್ತೆ ಸೋಪು ಹಾಕಿ ಬೋರ್ ನೀರಲ್ಲಿ ತೊಳೆದರೆ ಹೊಸ ಜಿಡ್ಡು ತುಂಬಿದ ಹಾಗೇ ಅಲ್ವಾ?

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಎಲ್ಲ ಹಂತಕ್ಕೂ ಆರ್‌ಒ ನೀರೇ. ಉಗುರು ಬೆಚ್ಚಗಿದ್ದರೆ ಸಾಕು. ಕುದಿಯುವ ನೀರು ಹಾಕಿದರೆ ಕೂದಲೂ ಹಾಳು, ನಾಟ್ ಹಿಡಿದಿರುವ ಅಂಟೂ ಹಾಳು. ಒಂದು ಲೋಟ ಬಿಳಿ ವಿನೆಗರ್‌ಗೆ ಎಂಟೊಂಬತ್ತು ಲೋಟ ನೀರು. ವಿನೆಗರ್ ವಾಸನೆ ಆಗದವರು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ತಗೊಳ್ಳಿ, ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ. ಹಿಡಿ ಮುಳುಗಬಾರದು, ಕೂದಲು ಮಾತ್ರ. ಹತ್ತು ನಿಮಿಷ ಬಿಟ್ಟು ಬಟ್ಟಲ ತಳಕ್ಕೆ ಮೆಲ್ಲಗೆ ಒತ್ತಿ ಒತ್ತಿ ಬಿಡಿ. ಬಿಳಿ ಚೂರುಗಳು ಮೇಲೆ ತೇಲಿ ಬರುತ್ತವೆ. ನೀರು ಚೆಲ್ಲಿ ಇನ್ನೊಮ್ಮೆ ಮಾಡಿ. ಹಳೆಯ ಬ್ರಷ್ ಆದರೆ ಮೂರನೇ ಸಲವೂ ಬೇಕಾಗಬಹುದು. ಅಷ್ಟನ್ನೂ ಒಂದೇ ದಿನ ಮಾಡಬೇಡಿ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್. ಹೌದು, ಅದೇ. ಇದಕ್ಕೆ ನಕ್ಕವರು ಬಹಳ ಜನ. ಅದು ಸೋಪಲ್ಲ, ಡಿಟರ್ಜೆಂಟ್. ಸುಣ್ಣದ ಜೊತೆ ಚೂರಾಗುವುದಿಲ್ಲ, ಕೊಬ್ಬನ್ನು ಎತ್ತಿಕೊಂಡು ಹೋಗುತ್ತದೆ. ಎರಡು ಮೂರು ಹನಿ ಸಾಕು. ಅಂಗೈ ಮೇಲೆ ಗುಂಡಗೆ ತಿರುಗಿಸಿ, ಬುಡಕ್ಕೆ ಬೆರಳ ತುದಿ ಹೋಗಲಿ. ಹಿಂಡಿದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಹಿಂಡುವುದು ಅಂದರೆ ಮುಷ್ಟಿಯಲ್ಲಿ ಅದುಮುವುದು, ಎಳೆಯುವುದಲ್ಲ.

ಮೊದಲ ಸಲ ಹೀಗೆ ಮಾಡಿದ ದಿನ ಬ್ರಷ್ ಒಣಗಿ ಅರಳಿದ್ದು ನೋಡಿ ನನಗೇ ನಂಬಿಕೆ ಬರಲಿಲ್ಲ. ಸಲೂನಿನ ಗೆಳೆಯ ಅಂಗೈ ಮೇಲೆ ಆಡಿಸಿ, "ಹೊಸಾದು ತಂದೀರೇನ್ರಿ?" ಅಂತ ಕೇಳಿದ. ಆಮೇಲೆ ಗೆಳೆಯರ ಬ್ರಷ್‌ಗಳೂ ನನ್ನ ಕೈಗೆ ಬಂದವು, ಸುಮಾರು ಹತ್ತು ಹನ್ನೆರಡು. ಒಂದೆರಡು ಬಿಟ್ಟರೆ ಎಲ್ಲ ಉಳಿದಿವೆ. ಆ ಒಂದೆರಡರ ಅಂಟೇ ಬಿಟ್ಟುಹೋಗಿತ್ತು. ಖರ್ಚು ಅಂದರೆ ವಿನೆಗರ್ ಬಾಟಲಿ ಐವತ್ತು ಅರವತ್ತು, ಆರ್‌ಒ ಕ್ಯಾನ್ ಐದೋ ಹತ್ತೋ ರೂಪಾಯಿ. ಈಗ ದಿನಾ ಬ್ರಷ್ ನೆನೆಸುವುದು, ನೊರೆ ಎಬ್ಬಿಸುವುದು, ಕೊನೆಯ ತೊಳೆತ ಮೂರಕ್ಕೂ ಅದೇ ನೀರು. ದಿನಕ್ಕೆ ಅರ್ಧ ಲೀಟರ್ ಸಾಲುತ್ತದೆ. ಸೋಪೂ ಮೊದಲಿನ ಅರ್ಧ ಸಾಕು. ಹುಳಿ ನೀರಿನ ಕೆಲಸ ಎರಡು ಮೂರು ತಿಂಗಳಿಗೊಮ್ಮೆ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಹುಣಸೆ ಹುಳಿ ಕೆಲಸ ಮಾಡುತ್ತದೆ, ಆದರೆ ಬೆಳ್ಳನೆ ತುದಿಗೆ ಕಂದು ಬಣ್ಣ ಹಿಡಿಯುತ್ತದೆ. ಸೀಗೆಕಾಯಿ ಪುಡಿ ಎಷ್ಟು ಸೋಸಿದರೂ ನಾಟ್ ಒಳಗೆ ಸಿಕ್ಕಿಕೊಂಡು ವಾರವಾದರೂ ಕೆನ್ನೆಗೆ ಚುಚ್ಚುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಚೆನ್ನಾಗಿದೆ, ಅದರಲ್ಲಿ ಸುಣ್ಣ ಇರುವುದಿಲ್ಲ. ತೊಳೆಯಲು ಅದೇ ಸಾಕು, ಆದರೆ ಮುಖಕ್ಕೆ ಬಳಸುವುದಿಲ್ಲ. ಹಂದಿ ಕೂದಲಿನ ಬ್ರಷ್‌ಗೂ ಇದೇ ಕ್ರಮ ನಡೆಯುತ್ತದೆ, ಇನ್ನೂ ಬೇಗ.

ಕೊನೆಯ ತೊಳೆತದ ನೀರಿಗೆ ನಾನು ಒಂದು ಹನಿ ಬೇರೇನೋ ಸೇರಿಸುತ್ತೇನೆ. ತುದಿ ಅರಳುವುದು ಅದರಿಂದಲೇ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅಲುಗಾಡುವ ನಾಟ್‌ನ ಬುಡಕ್ಕೆ ಅಂಟು ಇಳಿಸುವ ಕೆಲಸವೂ ಅಷ್ಟೇ, ಅದು ಕೈಯಲ್ಲಿ ತೋರಿಸಬೇಕಾದದ್ದು.

ಒಣಗಿಸುವುದು ನೆರಳಲ್ಲಿ, ಫ್ಯಾನ್ ಕೆಳಗೆ. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಕೂದಲು ಪೆಡಸಾಗಿ ಮುರಿಯುತ್ತದೆ. ನೇತು ಹಾಕಬೇಕೋ ನಿಲ್ಲಿಸಬೇಕೋ ಅನ್ನುವ ಜಗಳ ಸುಮ್ನೆ, ಗಾಳಿ ಆಡಿದರೆ ಸಾಕು. ಹಸಿ ಬ್ರಷ್ ಡಬ್ಬಿಗೆ ಹಾಕಿ ಮುಚ್ಚಬೇಡಿ. ಬಳಸದೆ ಎತ್ತಿಡುವುದಾದರೆ ಆಗಾಗ ತೆಗೆದು ನೋಡಿ, ಉಣ್ಣೆ ತಿನ್ನುವ ಹುಳು ಇದನ್ನೂ ತಿನ್ನುತ್ತದೆ.

ಗುಜರಿಯಲ್ಲಿ ಸಿಕ್ಕ ಹಳೆಯ ಬ್ರಷ್ ತಂದು ಸರಿ ಮಾಡಿಕೊಡಿ ಅಂದರೆ ನಾನು ಮುಟ್ಟುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ಯಾಡ್ಜರ್ ಹೆಸರಲ್ಲಿ ಕುದುರೆ ಕೂದಲಿನ ಬ್ರಷ್ ಮಾರಿ, ಅದರಿಂದ ಗಡ್ಡ ಮಾಡಿಕೊಂಡವರಿಗೆ ಆಂಥ್ರಾಕ್ಸ್ ಅನ್ನುವ, ಪ್ರಾಣಿಗಳಿಂದ ಹರಡುವ ಮಾರಕ ರೋಗ ಬಂದದ್ದಿದೆ. ವಿನೆಗರ್‌ಗೆ ಆ ರೋಗಾಣು ಹೋಗುವುದಿಲ್ಲ. ಇನ್ನು ಕೊಂಬಿನ ಹಿಡಿ ಅಥವಾ ಪಾಲಿಶ್ ಇಲ್ಲದ ಮರದ ಹಿಡಿ ಇರುವವರು ಬಟ್ಟಲಲ್ಲಿ ನೆನೆಸಲೇಬೇಡಿ. ಹುಳಿ ನೀರನ್ನು ಅಂಗೈಯಲ್ಲಿ ತಗೊಂಡು ಬ್ರಷ್ ತಲೆಕೆಳಗೆ ಹಿಡಿದು ಕೂದಲಿಗಷ್ಟೇ ಹಚ್ಚಿ, ಹಿಡಿಗೆ ತಾಗಿದ ತಕ್ಷಣ ಒರೆಸಿ.