ಲಾವಕ್ಕಿ ತತ್ತಿಗೆ ಮಣ್ಣು ಆರಿಸುತ್ತದೆಯೇ? ಮನೆಯಲ್ಲೇ ನೋಡುವ ಬಗೆ

ನಮ್ಮ ಆರು ಲಾವಕ್ಕಿಗಳ ತತ್ತಿಗಳನ್ನು ತಟ್ಟೆಯಲ್ಲಿ ಜೋಡಿಸಿ ಕೊಟ್ಟಾಗ ಮಕ್ಕಳಿಗೆ ಮೊದಲ ದಿನ ಎಲ್ಲವೂ ಒಂದೇ ಥರ ಕಂಡವು. ವಾರ ಕಳೆಯುವುದರೊಳಗೆ, "ಟೀಚರ್, ಇದು ಮೂರನೇದ್ರದ್ದು ರೀ" ಅಂತ ದೂರದಿಂದಲೇ ಹೇಳತೊಡಗಿದರು. ಒಂದು ಹೇಟೆ ದಿನಾ ಇಡುವ ತತ್ತಿಯ ಮೇಲೆ ಚುಕ್ಕಿಗಳ ಮಾದರಿ ಹೆಚ್ಚುಕಡಿಮೆ ಅದೇ ಇರುತ್ತದೆ. ಪಕ್ಕದ ಗೂಡಿನದರದ್ದು ಬೇರೆ. ಮೂರನೆಯದರ ತತ್ತಿಯ ಮೇಲೆ ಮಸಿ ಚೆಲ್ಲಿದಂಥ ದೊಡ್ಡ ಮಚ್ಚೆ. ಐದನೆಯದರದ್ದು ಕೆನೆ ಬಣ್ಣ, ಮೇಲೆ ಅಲ್ಲಲ್ಲಿ ಸಾಸಿವೆ ಎರಚಿದಷ್ಟೇ ಚುಕ್ಕಿ.

ಈ ಮಾದರಿಗೂ ಹಕ್ಕಿ ತತ್ತಿ ಇಡುವ ಜಾಗಕ್ಕೂ ನಂಟಿದೆ ಅಂತ 2013ರಲ್ಲಿ ಜಾರ್ಜ್ ಲವೆಲ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಿಂದ ಬರೆದರು. ಅವರು ಜಪಾನಿ ಲಾವಕ್ಕಿಗಳಿಗೆ ನಾಲ್ಕು ಬಣ್ಣದ ಉಸುಕು ಕೊಟ್ಟಿದ್ದರು. ದಟ್ಟ ಮಚ್ಚೆಯ ತತ್ತಿ ಇಡುವ ಹೇಟೆಗಳು ಆ ಮಚ್ಚೆಯ ಬಣ್ಣಕ್ಕೆ ಹೊಂದುವ ನೆಲದ ಕಡೆ ಹೋದವು. ಮಚ್ಚೆ ಕಡಿಮೆ ಇದ್ದವು ತತ್ತಿಯ ತಳದ ಬಣ್ಣಕ್ಕೆ ಹೊಂದುವ ನೆಲ ಹಿಡಿದವು. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು, ಕೊಪ್ಪಳ ಜಿಲ್ಲೆಯಲ್ಲಿ ಉಸುಕಿಗೆ ಬಣ್ಣ ಹಚ್ಚುವ ಕೆಲಸವೇ ಇಲ್ಲವಲ್ಲ ಅಂತ. ಯಲಬುರ್ಗಾ ಕಡೆಯ ಎರಿ ಮಣ್ಣು, ಕುಷ್ಟಗಿ ಕಡೆಯ ಕೆಂಪು ಮಸಾರಿ, ತುಂಗಭದ್ರೆಯ ಉಸುಕು, ಕಲ್ಲು ಕ್ರಷರಿನ ಬೂದು ಪುಡಿ, ನಾಲ್ಕೂ ಕೈಗೆ ಸಿಗುತ್ತವೆ.

ಹಕ್ಕಿ ಎಲ್ಲಿಂದ ತರಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸಜ್ಜೆ ಹೊಲದಿಂದ ಕಾಡು ಲಾವಕ್ಕಿ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಮೇಲಾಗಿ ಆ ಹಕ್ಕಿ ಗಾಬರಿಯಲ್ಲೇ ಸೊರಗುತ್ತದೆ. ಸಾಕಣೆಯವರ ಹತ್ತಿರ ಎಂಟು ವಾರದ ಜಪಾನಿ ಲಾವಕ್ಕಿ ಕೊಳ್ಳಿರಿ. ಆರೇಳು ವಾರಕ್ಕೆ ತತ್ತಿ ಶುರುವಾಗುವುದರಿಂದ ಎಂಟಕ್ಕೆ ಲಯ ಸಿಕ್ಕಿರುತ್ತದೆ. ಎದೆ ನೋಡಿ ಆರಿಸಿ: ಗಂಡಿನ ಎದೆ ಇಟ್ಟಂಗಿ ಬಣ್ಣ, ಚುಕ್ಕಿ ಇರುವುದಿಲ್ಲ. ಹೆಣ್ಣಿನ ಎದೆ ಮಾಸಲು, ಮೇಲೆಲ್ಲ ಕಪ್ಪು ಚುಕ್ಕಿ. ಈ ಕೆಲಸಕ್ಕೆ ಗಂಡು ಬೇಕಿಲ್ಲ, ಅದಿಲ್ಲದೆಯೂ ಹೇಟೆ ತತ್ತಿ ಇಡುತ್ತದೆ.

ಒಂದು ಗೂಡಿಗೆ ಒಂದೇ ಹೇಟೆ, ಇಲ್ಲದಿದ್ದರೆ ಯಾವ ತತ್ತಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ಆದರೆ ಒಂಟಿ ಮಾಡಬೇಡಿ, ಗೂಡುಗಳ ನಡುವೆ ಜಾಲರಿ ಇರಲಿ, ಒಂದಕ್ಕೊಂದು ಕಾಣಲಿ. ಗೂಡು ಎರಡಡಿ ಉದ್ದ, ಎರಡಡಿ ಅಗಲ, ನೆಲದ ತುಂಬ ಒಂದಡಿಯ ನಾಲ್ಕು ಟ್ರೇ. ಮೇಲೆ ಗಟ್ಟಿ ಹಲಗೆ ಹಾಕಬೇಡಿ. ಬೆದರಿದ ಲಾವಕ್ಕಿ ನೆಟ್ಟಗೆ ಮೇಲಕ್ಕೇ ಚಿಮ್ಮುತ್ತದೆ, ತಲೆ ಒಡೆದುಕೊಳ್ಳುತ್ತದೆ. ಮೆತ್ತನೆಯ ಬಲೆ ಬಿಗಿದರೆ ಸಾಕು. ನೀರು, ಕಾಳು ನಾಲ್ಕೂ ಟ್ರೇ ಕೂಡುವ ನಟ್ಟನಡುವೆ ಇರಲಿ.

ಏಪ್ರಿಲ್, ಮೇ ಬಿಟ್ಟುಬಿಡಿ. ನಲವತ್ತು ಡಿಗ್ರಿಯಲ್ಲಿ ಬಾಯಿ ತೆರೆದು ಏದುಸಿರು ಬಿಡುವ ಹಕ್ಕಿ ಮಣ್ಣಿನ ಬಣ್ಣ ನೋಡುವುದಿಲ್ಲ, ನೆರಳು ನೋಡುತ್ತದೆ. ನಾನು ಶ್ರಾವಣದಿಂದ ದೀಪಾವಳಿವರೆಗೆ ಮಾಡುತ್ತೇನೆ. ಚಳಿಗಾಲದಲ್ಲಿ ನಮ್ಮಲ್ಲಿ ಹಗಲು 11 ಗಂಟೆ ಚಿಲ್ಲರೆಗೆ ಇಳಿದು ತತ್ತಿ ಕಡಿಮೆಯಾಗುತ್ತದೆ, ಆಗ ಬಲ್ಬ್ ಹಾಕಿ ಬೆಳಕನ್ನು 14 ಗಂಟೆಗೆ ಏರಿಸಬೇಕು. ಲಾವಕ್ಕಿ ಹಗಲಿನ ಉದ್ದವನ್ನು ಅಳೆಯುವುದು ಕಣ್ಣೊಂದರಿಂದಲೇ ಅಲ್ಲ. ತಲೆಬುರುಡೆ ದಾಟಿ ಒಳಹೋದ ಬೆಳಕನ್ನು ಮಿದುಳಿನ ಆಳದ ಕೋಶಗಳೂ ಹಿಡಿಯುತ್ತವೆ. ಇದನ್ನು ಪಾಠದಲ್ಲಿ ಹೇಳಿದಾಗಲೆಲ್ಲ ನನಗೇ ಮೈ ಝುಮ್ಮೆನ್ನುತ್ತದೆ.

ಇನ್ನು ಮಣ್ಣು. ನಾನು ಮೊದಲ ವರ್ಷ ತಪ್ಪಿದ್ದು ಇಲ್ಲೇ. ಆರರಲ್ಲಿ ಐದು ಹೇಟೆ ಎರಿ ಮಣ್ಣಿನಲ್ಲೇ ತತ್ತಿ ಇಟ್ಟಾಗ ಹಿಗ್ಗಿ ಮಕ್ಕಳಿಗೆಲ್ಲ ಹೇಳಿದೆ. ಎಂಟನೇ ದಿನ ಒಬ್ಬ ಹುಡುಗಿ ಟ್ರೇಗಳಲ್ಲಿ ಕೈ ಇಟ್ಟು, "ಎರಿ ಮಣ್ಣು ತಣ್ಣಗೈತ್ರಿ ಟೀಚರ್" ಅಂದಳು. ಹೊಲದಿಂದ ತಂದ ಮಣ್ಣನ್ನು ನಾನು ಪೂರ್ತಿ ಒಣಗಿಸಿರಲಿಲ್ಲ, ಅದರಲ್ಲಿ ಹಸಿ ಇತ್ತು. ಹಕ್ಕಿ ಬಣ್ಣ ಆರಿಸಿತೋ, ತಂಪು ಆರಿಸಿತೋ, ಹೇಳುವಂತಿರಲಿಲ್ಲ. ಎಂಟು ದಿನದ ಲೆಕ್ಕ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಹಿಡಿದೆವು.

ಈಗ ಮಾಡುವುದು ಹೀಗೆ. ನಾಲ್ಕನ್ನೂ ಮೂರು ದಿನ ಬಿಸಿಲಿಗೆ ಹರವಿ ಒಣಗಿಸುತ್ತೇವೆ. ಎರಿ ಮಣ್ಣಿನ ಹೆಂಟೆ ಒಡೆದು, ಎಲ್ಲವನ್ನೂ ಒಂದೇ ಸಾಣಿಗೆಯಲ್ಲಿ ಹಾಯಿಸುತ್ತೇವೆ. ಲಾವಕ್ಕಿಗೆ ಧೂಳಿನಲ್ಲಿ ಹೊರಳುವ ಹುಚ್ಚು, ಒಂದು ಟ್ರೇ ಮೆತ್ತಗಿದ್ದರೆ ಅಲ್ಲೇ ಠಿಕಾಣಿ ಹೂಡುತ್ತದೆ. ಕ್ರಷರ್ ಪುಡಿಯನ್ನು ತೊಳೆದು ಒಣಗಿಸಿ, ಅದರ ಸಣ್ಣ ಧೂಳು ಹಕ್ಕಿಯ ಉಸಿರಿಗೂ ನಿಮ್ಮದಕ್ಕೂ ಒಳ್ಳೆಯದಲ್ಲ. ಪ್ರತಿ ಟ್ರೇಯಲ್ಲಿ ಎರಡು ಬೆರಳು ಆಳ. ಎಲ್ಲಕ್ಕಿಂತ ಮುಖ್ಯ, ದಿನಾ ಬೆಳಿಗ್ಗೆ ಟ್ರೇಗಳ ಜಾಗ ಅದಲುಬದಲು ಮಾಡಬೇಕು. ಯಾವುದು ಯಾವ ಮೂಲೆಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಮಣ್ಣಿನ ಹಿಂದೆ ಹೋಗುವ ಹೇಟೆಯೂ ಕತ್ತಲೆ ಮೂಲೆಯ ಹಿಂದೆ ಹೋಗುವ ಹೇಟೆಯೂ ಆಗ ಬೇರೆಬೇರೆಯಾಗಿ ಕಾಣುತ್ತವೆ.

ಲಾವಕ್ಕಿ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯೊಳಗೆ ತತ್ತಿ ಇಡುತ್ತದೆ. ಆ ಹೊತ್ತಿಗೆ ಗೂಡಿನ ಹತ್ತಿರ ಸುಳಿಯಬೇಡಿ, ಕತ್ತಲಾಗುವ ಮುಂಚೆ ಹೋಗಿ ನೋಡಿ. ಆಗಷ್ಟೇ ಇಟ್ಟ ತತ್ತಿ ಒದ್ದೆ ಇರುತ್ತದೆ. ಮುಟ್ಟಿದರೆ ಬಣ್ಣ ಬೆರಳಿಗೆ ಹತ್ತಿ ಮಚ್ಚೆ ಹರಡುತ್ತದೆ, ಒಣಗುವವರೆಗೆ ಕಾಯಿರಿ. ಎತ್ತುವ ಮುಂಚೆ ನೆಟ್ಟಗೆ ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೋಟ್‌ಬುಕ್ಕಿನಲ್ಲಿ ದಿನ, ಹೇಟೆಯ ನಂಬರು, ಮಣ್ಣು, ಮೂಲೆ, ಇಷ್ಟು ಬರೆಯಿರಿ.

ಮೂರ್ನಾಲ್ಕು ತತ್ತಿ ನೋಡಿ ತೀರ್ಮಾನಕ್ಕೆ ಬರಬೇಡಿ. ನಾಲ್ಕು ಟ್ರೇ ಇರುವಾಗ, ಆರಿಸದೇ ಎಲ್ಲೆಂದರಲ್ಲಿ ಇಡುವ ಹೇಟೆಯೂ 20 ತತ್ತಿಯಲ್ಲಿ ಸುಮಾರು ಐದನ್ನು ಎರಿ ಮಣ್ಣಿನಲ್ಲಿ ಇಟ್ಟೇ ಇಡುತ್ತದೆ. ಹತ್ತು ಹನ್ನೆರಡು ದಾಟಿದರೆ ಮಾತ್ರ ಅದು ಆಯ್ಕೆಯಿರಬಹುದು ಅಂತ ಮಾತಾಡೋಣ. ಆರೂ ಹೇಟೆಗಳ ಲೆಕ್ಕ ಕೂಡಿಸಿ ಒಂದು ಮಾಡಬೇಡಿ, ನಾವು ಕೇಳುತ್ತಿರುವುದೇ ಒಂದೊಂದರ ಸ್ವಭಾವವನ್ನು.

ತತ್ತಿ ನಿಜಕ್ಕೂ ಮರೆಯಾಗುತ್ತದೆಯೇ ಅನ್ನುವುದನ್ನೂ ಅಳೆಯಬಹುದು. ಗೂಡು ನೋಡಿರದ ಮಕ್ಕಳಿಗೆ ಫೋಟೋ ತೋರಿಸಿ, ತತ್ತಿ ಎಲ್ಲಿದೆ ಅಂತ ಬೆರಳು ಇಡುವವರೆಗಿನ ಸೆಕೆಂಡು ಎಣಿಸಿ. ಐದನೆಯದರ ಕೆನೆ ತತ್ತಿಯನ್ನು ಎರಿ ಮಣ್ಣಿನ ಮೇಲೆ ಇಟ್ಟು ತೋರಿಸಿದಾಗ ಮಕ್ಕಳು ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳಿಟ್ಟರು. ಅದೇ ಮಣ್ಣಿನಲ್ಲಿ ಮೂರನೆಯದರ ತತ್ತಿ ಇದ್ದಾಗ ಫೋಟೋ ತಿರುಗಿಸಿ ತಿರುಗಿಸಿ ನೋಡಿದರು. ತತ್ತಿಯ ಅಂಚು ಎಲ್ಲಿ ಮುಗಿಯುತ್ತದೆ, ಮಣ್ಣು ಎಲ್ಲಿ ಶುರುವಾಗುತ್ತದೆ ಅನ್ನುವುದೇ ಅವರಿಗೆ ಹತ್ತಲಿಲ್ಲ.

ಕೆಲವು ಸಲ ಹೇಟೆ ಎರಡು ಟ್ರೇಗಳ ಅಂಚಿನ ಮೇಲೆ ತತ್ತಿ ಇಡುತ್ತದೆ. ಯಾವುದೋ ಒಂದು ಮಣ್ಣಿನ ಲೆಕ್ಕಕ್ಕೆ ತಳ್ಳಬೇಡಿ. "ಅಂಚು" ಅಂತ ಬೇರೆ ಕಾಲಂ ಹಾಕಿ ಅದರಲ್ಲೇ ಬರೆಯಿರಿ.