ಜೆಟ್ ಬದಲಿಸುವ ಮೊದಲು: ನನ್ನ ರೋಡ್‌ಕಿಂಗ್ ಗಾಡಿಯ ಕಾರ್ಬುರೇಟರ್ ಟ್ಯೂನಿಂಗ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1984ರಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕ್ ಒಂದು ನನ್ನ ಕೈಗೆ ಬಂದಾಗ, ಅದರ ಕಾರ್ಬುರೇಟರಿನ, ಎಂದರೆ ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸುವ ಭಾಗದ, ಸ್ಕ್ರೂಗಳ ತಲೆ ಸವೆದು ಗುಂಡಗಾಗಿತ್ತು. ಹಿಂದಿನವರೆಲ್ಲ ಗಾಡಿ ಸರಿಯಿಲ್ಲವೆನ್ನಿಸಿದಾಗಲೆಲ್ಲ ಮೊದಲು ಅದಕ್ಕೇ ಸ್ಕ್ರೂಡ್ರೈವರ್ ಹಾಕಿದ್ದರೆಂಬುದು ಅದರಿಂದಲೇ ತಿಳಿಯುತ್ತಿತ್ತು. ಅರ್ಧ ಆಕ್ಸಿಲರೇಟರ್ ದಾಟಿದೊಡನೆ ಎಂಜಿನ್ ಮುಗ್ಗರಿಸುತ್ತಿತ್ತು; ಸಿಗ್ನಲ್ಲಿನಲ್ಲಿ ನಿಂತರೆ ಕೈ ಬಿಟ್ಟಿದ್ದರೂ ಸ್ಲೋ ಸ್ಪೀಡ್ ತಾನಾಗಿಯೇ ಏರುತ್ತ ಹೋಗುತ್ತಿತ್ತು. ನಾನೂ ಎರಡು ಭಾನುವಾರ, ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ತಿರುಗಿಸುವುದರಲ್ಲೇ ಕಳೆದೆ. ಆಗ ಜಾವಾ, ಯೆಜ್ಡಿಗಳ ಮೇಲೆಯೇ ಬದುಕು ಸವೆಸಿದ ಹಿರಿಯ ಮೆಕ್ಯಾನಿಕ್ ಒಬ್ಬರು ಶಬ್ದ ಕೇಳಿಯೇ ಹೇಳಿದರು: "ಮೊದಲು ಸೀಲು ನೋಡಿ ಸ್ವಾಮಿ, ಕಾರ್ಬುರೇಟರ್ ಆಮೇಲೆ."

ಅವರ ಮಾತಿನ ಅರ್ಥ ಟೂ-ಸ್ಟ್ರೋಕ್ ಎಂಜಿನ್ನಿನ ರಚನೆಯಲ್ಲಿಯೇ ಇದೆ. ಈ 248.5 ಸಿಸಿ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ, ಎಂದರೆ ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಗೆ, ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳೂ ಕಾರ್ಬುರೇಟರಿನಷ್ಟೇ ಮುಖ್ಯವಾದ ಭಾಗಗಳು. ಕ್ಲಚ್ ಬದಿಯ ಸೀಲು ಹೋದರೆ ಗೇರ್‌ಬಾಕ್ಸಿನ ಆಯಿಲನ್ನು ಎಂಜಿನ್ ಒಳಕ್ಕೆ ಎಳೆದುಕೊಂಡು ದಟ್ಟ ಹೊಗೆ ಉಗುಳುತ್ತದೆ. ಇನ್ನೊಂದು ಬದಿಯದು ಹೋದರೆ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಮಿಶ್ರಣ ಲೀನ್ ಆಗುತ್ತದೆ, ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಹಾಗೆ ನುಗ್ಗುವ ಗಾಳಿಯನ್ನು ಯಾವ ಜೆಟ್ಟೂ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ, ಅಳತೆಯ ತೂತಿರುವ ಹಿತ್ತಾಳೆಯ ತುಂಡು) ಸರಿದೂಗಿಸಲಾರದು, ಏಕೆಂದರೆ ಅದರ ಪ್ರಮಾಣ ಎಂಜಿನ್ ವೇಗದೊಂದಿಗೆ ಬದಲಾಗುತ್ತಲೇ ಇರುತ್ತದೆ.

ಸೋರಿಕೆ ಪತ್ತೆಹಚ್ಚಲು ಮನೆಯಲ್ಲಿದ್ದ ಬಿಪಿ ನೋಡುವ ಹಳೆಯ ಉಪಕರಣವೇ ನನಗೆ ಸಾಕಾಯಿತು. ಎರಡೂ ಸೈಲೆನ್ಸರ್ ಪೈಪುಗಳನ್ನು ಬಿಚ್ಚಿ ಎಕ್ಸಾಸ್ಟ್ ಬಾಯಿಗಳನ್ನು ದಪ್ಪ ರಬ್ಬರಿನಿಂದ ಮುಚ್ಚಿದೆ. ಕಾರ್ಬುರೇಟರ್ ಕೂರುವ ಜಾಗಕ್ಕೆ ನಳಿಗೆ ತೂರಿಸಿದ ಬಿರಡೆ ಹಾಕಿ, ಪಿಸ್ಟನ್ನನ್ನು ಪೋರ್ಟ್ ತೆರೆದಿರುವ ಸ್ಥಾನಕ್ಕೆ ತಂದು, ರಬ್ಬರ್ ಬಲ್ಬನ್ನು ಹಿಚುಕುತ್ತ ಮುಳ್ಳು 280ಕ್ಕೆ ಬರುವವರೆಗೆ ಗಾಳಿ ತುಂಬಿದೆ. ಪಾದರಸದ 280 ಮಿಲಿಮೀಟರ್ ಎಂದರೆ ಐದೂವರೆ ಪಿಎಸ್‌ಐಗಿಂತ ತುಸು ಕಡಿಮೆ. ಈ ಪರೀಕ್ಷೆಗೆ ಅಷ್ಟು ಸಾಕು, ಹೆಚ್ಚು ಒತ್ತಡ ಕೊಟ್ಟರೆ ಒಳ್ಳೆಯ ಸೀಲೂ ಸರಿದುಬಿಡಬಹುದು. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಮುಳ್ಳು ನಿಮಿಷಕ್ಕೆ ಒಂದು ಪಿಎಸ್‌ಐಗಿಂತ, ಅಂದರೆ ಸುಮಾರು 50 ಮಿಲಿಮೀಟರಿಗಿಂತ, ಹೆಚ್ಚು ಇಳಿಯಬಾರದು. ನನ್ನದು ಹತ್ತು ಸೆಕೆಂಡಿನಲ್ಲಿ ಸೊನ್ನೆಗೆ ಬಂತು. ಡೈನಮೋ ಬದಿಯ ಕವರ್ ತೆಗೆದು ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿದಾಗ, ಶಾಫ್ಟಿನ ಸುತ್ತ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಸೀಲು ಬದಲಾಯಿಸಿದ ಮೇಲೆ ಸ್ಲೋ ಸ್ಪೀಡ್ ಏರುವುದು ಪೂರ್ತಿಯಾಗಿ ನಿಂತಿತು. ಅದುವರೆಗೆ ಜೆಟ್ಟುಗಳನ್ನು ನಾನು ಮುಟ್ಟಿಯೇ ಇರಲಿಲ್ಲ. ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಪಾಯಿಂಟಿನ ಗ್ಯಾಪನ್ನು 0.4 ಮಿ.ಮೀ.ಗೆ ಇಟ್ಟು, ಕಿಡಿ ಹಾರುವ ಟೈಮಿಂಗ್ ಸರಿಪಡಿಸಿಕೊಂಡದ್ದೂ ಆಗಲೇ.

ನಂತರ ಕಾರ್ಬುರೇಟರನ್ನು ಬಿಚ್ಚಿದೆ. ನನ್ನ ಗಾಡಿಯಲ್ಲಿರುವುದು ಮಿಕಾರ್ಬ್ ಎಂಬ ಹೆಸರಿನ ಕಾರ್ಬುರೇಟರ್. ಮೇನ್ ಜೆಟ್ಟಿನ ತೂತನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಅದು ಗುಂಡಗಿರಲಿಲ್ಲ, ಒಂದು ಕಡೆಗೆ ಎಳೆದಂತೆ ಇತ್ತು. ಕಟ್ಟಿಕೊಂಡ ಜೆಟ್ಟಿಗೆ ಯಾರೋ ಉಕ್ಕಿನ ತಂತಿ ಹಾಕಿ ಕೆರೆದಿದ್ದರು. ಹಿತ್ತಾಳೆ ಮೆದು ಲೋಹ. ಹೀಗೆ ಕೆರೆದ ಜೆಟ್ಟಿನ ಮೇಲೆ ಯಾವ ಸಂಖ್ಯೆ ಇದ್ದರೂ ಅದಕ್ಕೆ ಅರ್ಥವಿಲ್ಲ. ಹಳೆಯ ಗಾಡಿಯ ಟ್ಯೂನಿಂಗ್ ಹೊಸ ಜೆಟ್ಟುಗಳಿಂದಲೇ ಆರಂಭವಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಶುಚಿ ಮಾಡಲು ಪೆಟ್ರೋಲು ಮತ್ತು ಗಾಳಿಯ ಒತ್ತಡ ಸಾಕು.

ಆಕ್ಸಿಲರೇಟರ್ ಹಿಡಿಗೆ ಬಿಳಿ ಟೇಪು ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಗುರುತು ಹಾಕಿಕೊಂಡೆ. ತೊಂದರೆ ಯಾವ ಗುರುತಿನಲ್ಲಿ ಕಾಣಿಸುತ್ತದೆಯೋ ಅದರ ಮೇಲೆ ಯಾವ ಭಾಗವನ್ನು ಮುಟ್ಟಬೇಕೆಂಬುದು ನಿರ್ಧಾರವಾಗುತ್ತದೆ: ಆರಂಭದಲ್ಲಿ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಆಕ್ಸಿಲರೇಟರ್ ಎಳೆದಂತೆ ಮೇಲೇರುವ ಸೂಜಿ), ಅಲ್ಲಿಂದಾಚೆಗೆ ಮೇನ್ ಜೆಟ್. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಹೊರಕ್ಕೆ ಬಿಡುತ್ತ ಬಂದಾಗ ಅರ್ಧ ಸುತ್ತಿನಲ್ಲಿಯೇ ಎಂಜಿನ್ ಅತಿ ಹೆಚ್ಚು ವೇಗ ತೋರಿತು. ಒಂದು ಸುತ್ತಿಗಿಂತ ಮೊದಲೇ ಹೀಗಾದರೆ ಪೈಲಟ್ ಜೆಟ್ ಚಿಕ್ಕದೆಂದು ಅರ್ಥ. ಒಂದು ಮೆಟ್ಟಿಲು ದೊಡ್ಡ ಜೆಟ್ ಹಾಕಿದಾಗ ಒಂದೂವರೆ ಸುತ್ತಿಗೆ ಸರಿಹೊಂದಿತು. ನೀಡಲಿನ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸಿದೆ, ಅದರಿಂದ ನೀಡಲ್ ಮೇಲೇರಿ ನಡುವಿನ ಹಂತದಲ್ಲಿ ಪೆಟ್ರೋಲ್ ಹೆಚ್ಚಿತು.

ಎಲ್ಲವೂ ದೊಡ್ಡದರ ಕಡೆಗೇ ಸಾಗಿದ್ದಕ್ಕೆ ಕಾರಣ ಇಂದಿನ ಪೆಟ್ರೋಲು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವ ಇಂಧನವಾದ್ದರಿಂದ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆಯ ಜೆಟ್ಟುಗಳು ಶೇಕಡಾ 7-8ರಷ್ಟು ಲೀನ್ ಆಗುತ್ತವೆ. 1984ರ ಸೆಟ್ಟಿಂಗ್ 1984ರ ಪೆಟ್ರೋಲಿಗೆ ಮಾಡಿದ್ದು. ಇಲ್ಲಿ ಇನ್ನೊಂದು ತಪ್ಪನ್ನೂ ಹೇಳಬೇಕು: ಎಂಜಿನ್ ಜಾಮ್ ಆಗದಿರಲೆಂದು ಹಲವರು ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲನ್ನು ಧಾರಾಳವಾಗಿ ಸುರಿಯುತ್ತಾರೆ. ಜೆಟ್ಟಿನ ತೂತು ಅಷ್ಟೇ ಇರುವಾಗ ಆಯಿಲ್ ಹೆಚ್ಚಾದಷ್ಟೂ ಅದರ ಮೂಲಕ ಹಾಯುವ ಪೆಟ್ರೋಲ್ ಕಡಿಮೆಯಾಗಿ, ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ. ನಾನು ಲೀಟರಿಗೆ 35 ಎಂ.ಎಲ್. ಅಳೆದು ಹಾಕುತ್ತೇನೆ, ಅದನ್ನು ಬದಲಿಸುವುದಿಲ್ಲ.

ಮೇನ್ ಜೆಟ್ಟನ್ನು ಬೇಕೆಂದೇ ಎರಡು ಮೆಟ್ಟಿಲು ದೊಡ್ಡದರಿಂದ ಶುರುಮಾಡಿದೆ. ನಸುಕಿನ ಖಾಲಿ ರಸ್ತೆಯಲ್ಲಿ, ಮೂರನೆಯ ಗೇರಿನಲ್ಲಿ ಪೂರ್ತಿ ಎಳೆದಾಗ ಎಂಜಿನ್ 'ಫೋರ್ ಸ್ಟ್ರೋಕ್' ಹೊಡೆಯಿತು, ಎಂದರೆ ಒಂದು ಬಿಟ್ಟು ಒಂದು ಉರಿಯುವಂತೆ ಗುಡುಗುಟ್ಟಿತು. ಒಂದು ಮೆಟ್ಟಿಲು ಇಳಿಸಿದಾಗ ಸದ್ದು ನುಣುಪಾಯಿತು. ಮತ್ತೆ ಹೊಸ ಪ್ಲಗ್ ಹಾಕಿ, ಅದೇ ರಸ್ತೆಯಲ್ಲಿ ಪೂರ್ತಿ ಎಳೆದು, ಕ್ಲಚ್ ಹಿಡಿದು ಅದೇ ಕ್ಷಣಕ್ಕೆ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿದೆ. ಪಿಂಗಾಣಿಯ ತುದಿಯ ಬಣ್ಣ ನಂಬಲು ಬಾರದು. ಪಿಂಗಾಣಿ ಲೋಹದೊಳಗೆ ಇಳಿಯುವ ಆಳದಲ್ಲಿ ಕಾಣುವ ಉಂಗುರವೇ ಮೇನ್ ಜೆಟ್ಟಿನ ಸಾಕ್ಷಿ. ಅಲ್ಲಿ ಬೆಲ್ಲದ ಪಾಕದ ಬಣ್ಣದ ತೆಳುವಾದ ಉಂಗುರ ಕಂಡಾಗ ಜೆಟ್ಟನ್ನು ಅಲ್ಲಿಗೇ ನಿಲ್ಲಿಸಿದೆ.

ಆ ಒಂದು ಮೆಟ್ಟಿಲು ರಿಚ್, ಎಂದರೆ ಪೆಟ್ರೋಲ್ ತುಸು ಹೆಚ್ಚಾಗಿ, ಉಳಿಸಿಕೊಂಡದ್ದಕ್ಕೆ ಮಂಗಳೂರಿನ ಪ್ರಯಾಣವೂ ಕಾರಣ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಇಳಿದಂತೆ ಗಾಳಿ ಸುಮಾರು ಶೇಕಡಾ 1ರಷ್ಟು ದಟ್ಟವಾಗುವುದರಿಂದ, ಇಲ್ಲಿ ಸರಿಯಾಗಿದ್ದ ಮಿಶ್ರಣ ಕರಾವಳಿಯಲ್ಲಿ ಲೀನ್ ಆಗುತ್ತದೆ. ಸಂಪಾಜೆ ಘಾಟಿಯಲ್ಲಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿಕೊಂಡೇ ಹೋದರೆ ಪೆಟ್ರೋಲಿನೊಂದಿಗೆ ಬರುವ ಆಯಿಲೂ ನಿಲ್ಲುತ್ತದೆ. ನಾನು ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡುತ್ತ ಇಳಿದೆ. ಮಂಗಳೂರಿನಲ್ಲಿ ಪ್ಲಗ್ ತೆಗೆದಾಗ ಉಂಗುರ ತಿಳಿಯಾಗಿತ್ತು, ಆದರೆ ಅಳಿಸಿರಲಿಲ್ಲ.

ಚಳಿಗಾಲದ ಬೆಳಗಿನಲ್ಲಿ ಕಾಲು ಗುರುತಿಗಿಂತ ಮೊದಲು ಒಂದು ಸಣ್ಣ ತಡವರಿಕೆ ಇನ್ನೂ ಉಳಿದಿದೆ. ಅದು ಕಾರ್ಬುರೇಟರಿನಲ್ಲಿ ಆಕ್ಸಿಲರೇಟರ್ ಎಳೆದಂತೆ ಮೇಲೇರುವ ಸ್ಲೈಡಿನ ಅಡಿಯ ಕತ್ತರಿಕೆಗೆ ಸಂಬಂಧಿಸಿದ್ದು. ಇದಕ್ಕೆ ಹೊಂದುವ, ಕತ್ತರಿಕೆ ಒಂದಂಶ ಕಡಿಮೆಯಿರುವ ಸ್ಲೈಡ್ ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಹಳೆಯದನ್ನು ಅರದಿಂದ ಮುಟ್ಟುವುದಿಲ್ಲ.